ಮುದ್ರೆಯ ಮೇಲಿನ ಅರಿಶಿನ

ಆ ಶುಕ್ರವಾರವೂ ನನ್ನ ಬೆಳಗು ಫಿಲ್ಟರಿಗೆ ಕಾಫಿಪುಡಿ ಒತ್ತುವುದರಿಂದಲೇ ಶುರುವಾಯಿತು. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಮಗಳ ಸ್ಯಾಂಡ್‌ವಿಚ್ಚಿನ ಅಂಚು ತೆಗೆದು, ತ್ರಿಕೋನವಾಗಿ ಕತ್ತರಿಸಿ ಡಬ್ಬಿಗೆ ಹಾಕಿದೆ. ಚೌಕವಾಗಿದ್ದರೆ ಅವಳು ಮುಟ್ಟುತ್ತಿರಲಿಲ್ಲ. ಅಂದು ಅವಳ ಸಮ್ಮರ್ ಕ್ಯಾಂಪಿನ ಕೊನೆಯ ದಿನ. 1996ರ ಆಗಸ್ಟ್ ಮುಗಿಯುತ್ತಾ ಬಂದಿತ್ತು. ಒಂದು ಕಡೆ ಅವಲಕ್ಕಿಗೆ ಒಗ್ಗರಣೆ, ಇನ್ನೊಂದು ಕಡೆ ಯಜಮಾನರ ಹುಡುಕಾಟ.

“ನನ್ನ ಪೇಜರ್ ನೋಡಿದ್ಯೇನೇ?”

“ಫ್ರಿಜ್ಜಿನ ಮೇಲಿದೆ ರೀ. ರಾತ್ರಿ ಮೊಸರು ತೆಗೆಯುವಾಗ ನೀವೇ ಇಟ್ಟಿದ್ದು.”

ಆಗ ನಾವು ಅಮೆರಿಕದಲ್ಲಿದ್ದೆವು, ಅವರ ಆಫೀಸು ಪಾಲೋ ಆಲ್ಟೋದಲ್ಲಿ. ಹದಿನಾಲ್ಕು ಜನ ಒಂದು ಹಳೇ ಮಳಿಗೆಯಲ್ಲಿ ಕೂತು ವೆಬ್‌ಸೈಟು ಕಟ್ಟುತ್ತಿದ್ದರು. ಏನು ಮಾರುತ್ತೀರಿ ಎಂದು ಕೇಳಿದರೆ “ಅದು ಇನ್ನೂ ಡಿಸೈಡ್ ಆಗಿಲ್ಲ” ಎನ್ನುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದರೆ ಅಲ್ಲಿ ನಗುತ್ತಾರಂತೆ. ಹಾಗಾಗಿ ನನ್ನ ಬೆಳಗಿನ ಕೆಲಸದಲ್ಲಿ ಒಂದು ಕಡಿಮೆಯಾಗಿತ್ತು.

ಸಾಸಿವೆ ಸಿಡಿಯುತ್ತಿದ್ದಾಗ ಕಾಲಡಿಯಿಂದ ಟಕ್ ಟಕ್ ಎಂದು ಬಡಿಯುವ ಸದ್ದು ಕೇಳಿತು. ಕೆಳಮನೆಯವಳು ಪೊರಕೆಯ ಹಿಡಿಯಿಂದ ತನ್ನ ಸೀಲಿಂಗಿಗೆ, ಅಂದರೆ ನನ್ನ ನೆಲಕ್ಕೆ, ಬಡಿಯುತ್ತಿದ್ದಳು. ಸರಟೋಗಾ ಬೆಟ್ಟದ ಬುಡದಲ್ಲಿದ್ದ ಆ ಎರಡಂತಸ್ತಿನ ಹಳೇ ಅಪಾರ್ಟ್‌ಮೆಂಟಿನಲ್ಲಿ ನೆಲವೆಲ್ಲ ಮರದ್ದು. ಮೇಲೆ ಚಮಚ ಬಿದ್ದರೂ ಕೆಳಗೆ ಕೇಳುತ್ತಿತ್ತು. ಅವಳು ಒಂದು ಸಲ ಬಡಿದರೆ ‘ಕಾಫಿ ಆಗಿದೆ, ಬಾ’ ಎಂದರ್ಥ. ಎರಡು ಸಲವಾದರೆ ‘ನಿನ್ನ ಮಗಳು ಕುಣಿಯುವುದು ಸಾಕು’ ಎಂದು. ಅಂದು ಮಾತ್ರ ಬಡಿತ ನಿಲ್ಲಲೇ ಇಲ್ಲ.

“ಏನಮ್ಮಾ, ನಿನ್ನ ಫ್ರೆಂಡು ಇವತ್ತು ಸೀಲಿಂಗ್ ಕಿತ್ತು ಮೇಲೆ ಬರ್ತಾಳೆ” ಎಂದರು ಇವರು.

ನನಗೆ ನಗು ಬರಲಿಲ್ಲ. ಆ ಹತ್ತು ತಿಂಗಳಿಂದ ಅವಳು ಹೊತ್ತಲ್ಲದ ಹೊತ್ತಿನಲ್ಲಿ ಕರೆದಾಗಲೆಲ್ಲ ನನ್ನ ಎದೆ ಹೀಗೇ ಹಾರುತ್ತಿತ್ತು. ಅವಳ ಒಂದು ಕಾಗದವನ್ನು ನಾನು ಹಾಳು ಮಾಡಿದ್ದೆ.

ಅವಳಿಗೆ ಐವತ್ತು ದಾಟಿತ್ತು. ಗಂಡ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಸೂಟು, ಪ್ಯಾಂಟು ಸರಿ ಮಾಡಿಕೊಡುತ್ತಿದ್ದಳು. ಎಂಜಿನಿಯರುಗಳೆಲ್ಲ ಟೀ ಶರ್ಟಿಗೆ ಇಳಿದ ಮೇಲೆ ಕೆಲಸ ಕಡಿಮೆಯಾಯಿತು. ಆಗ ನಾನು ಅವಳಿಗೆ ಸೀರೆಗೆ ಫಾಲ್ಸ್ ಹಚ್ಚುವುದನ್ನು ಹೇಳಿಕೊಟ್ಟೆ. ಒಂದೇ ವಾರದಲ್ಲಿ ನನಗಿಂತ ಚೆನ್ನಾಗಿ ಕಲಿತಳು. “ಆರು ಗಜ ಬಟ್ಟೆ, ಒಂದು ಗುಂಡಿ ಇಲ್ಲ! ಯಾವ ಧೈರ್ಯದ ಮೇಲೆ ಉಟ್ಕೊಂಡು ಹೊರಗೆ ಹೋಗ್ತೀಯೇ?” ಎಂದು ರೇಗಿಸುತ್ತಿದ್ದಳು. ನಾವು ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲೇ. ಅವಳದು ಒರಟು ಇಂಗ್ಲಿಷು, ನನ್ನದು ಕಾನ್ವೆಂಟಿನದು. ಆದರೂ ಅವಳ ಮಾತು ನನ್ನ ನೆನಪಿನಲ್ಲಿ ಕನ್ನಡವಾಗಿಯೇ ಉಳಿದಿದೆ.

ಅವಳು ಹುಟ್ಟಿದಾಗ ಅವಳ ದೇಶದ ಹೆಸರು ಯುಗೊಸ್ಲಾವಿಯಾ. ಅದು ಒಡೆದು ಯುದ್ಧವಾಗಿ, ಅವಳ ಊರು ಕ್ರೊಯೇಷಿಯಾದ ಪಾಲಿಗೆ ಬಂತು. ಅವಳ ಜನ ಸರ್ಬರು. ಹಿಂದಿನ ವರ್ಷದ ಆಗಸ್ಟಿನಲ್ಲಿ ಕ್ರೊಯೇಷಿಯಾದ ಸೈನ್ಯ ನುಗ್ಗಿದಾಗ ಆ ಊರಿನ ಸರ್ಬರೆಲ್ಲ ರಾತ್ರೋರಾತ್ರಿ ಹೊರಟುಬಿಟ್ಟರು. ಎಪ್ಪತ್ತೆರಡು ವರ್ಷದ ಅವಳ ಅಮ್ಮ ಯಾರದೋ ಟ್ರ್ಯಾಕ್ಟರಿನ ಹಿಂದೆ ಕೂತು ಸರ್ಬಿಯಾ ಸೇರಿದರು. ಅಲ್ಲಿ ಒಂದು ಸಣ್ಣ ಊರಿನಲ್ಲಿ ಅವರ ಅಣ್ಣನ ಮಗನ ಮನೆ. ಮಲಗಲು ಅಡಿಗೆಮನೆಯ ಬೆಂಚು. “ಒಲೆ ಪಕ್ಕ ಬೆಚ್ಚಗಿದ್ದೀನಿ” ಎಂದು ಫೋನಿನಲ್ಲಿ ಹೇಳುತ್ತಿದ್ದರಂತೆ. ಸುದ್ದಿ ಕೇಳಿದ ದಿನವೇ ಇವಳು ಅಮ್ಮನನ್ನು ಕರೆಸಿಕೊಳ್ಳಬೇಕೆಂದು ತೀರ್ಮಾನಿಸಿದಳು.

ಅದಕ್ಕೆ ಇಲ್ಲಿಯ ವಲಸೆ ಇಲಾಖೆಯ ಫಾರಂ ತುಂಬಬೇಕಿತ್ತು. ತಾನು ಆ ತಾಯಿಯ ಮಗಳೇ ಎಂದು ತೋರಿಸಲು ತನ್ನ ಜನನ ಪ್ರಮಾಣಪತ್ರ ಲಗತ್ತಿಸಬೇಕಿತ್ತು. ಮದುವೆಯಾಗಿ ಇಲ್ಲಿಗೆ ಬರುವಾಗ ತಂದಿದ್ದ ಒಂದೇ ಒಂದು ಪ್ರತಿ ಅವಳಲ್ಲಿತ್ತು. ಈರುಳ್ಳಿ ಸಿಪ್ಪೆಯಂಥ ತೆಳು ಕಾಗದ. ಕೆಳಗೆ ಊರಿನ ಕಚೇರಿಯ ನೇರಳೆ ಬಣ್ಣದ ದುಂಡು ಮುದ್ರೆ. “ನಿನ್ನ ಅಕ್ಷರ ಚೆನ್ನಾಗಿದೆ, ನೀನೇ ಬರಿ” ಎಂದು ಎಲ್ಲವನ್ನೂ ನನ್ನ ಕೈಗೆ ಕೊಟ್ಟಳು. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರು ಉಗುರು ನೋಡಿದ ಮೇಲೆಯೇ ಪೆನ್ನು ಮುಟ್ಟಲು ಬಿಡುತ್ತಿದ್ದವರು. ಬೆಳಗಾವಿಯಲ್ಲಿ ಕಲಿತ ಆ ಅಕ್ಷರಕ್ಕೆ ಅಮೆರಿಕದಲ್ಲಿ ಬಂದ ಮೊದಲ ಉಪಯೋಗ ಅದು. ಖುಷಿಯಿಂದ ಎರಡು ದಿನ ಕೂತು ಬರೆದೆ.

ಆಗ ನವರಾತ್ರಿ. ಧಾರವಾಡದಿಂದ ಅತ್ತೆ ಬಂದಿದ್ದರು. ನಾನು ಕವರಿಗೆ ಹಾಕುತ್ತಿದ್ದುದನ್ನು ನೋಡಿ, “ಏನವಾ, ತಾಯಿನ್ನ ಕರಸೂ ಕಾಗದ ಅಂತಿ, ಹಂಗ ಬರೇದ ಕಳಸ್ತಿ ಏನು? ನಾಕೂ ಮೂಲಿಗೆ ಒಂದೀಟು ಅರಿಶಿಣ ಹಚ್ಚು. ಹೋದ ಕೆಲಸಾ ಆಗಿ ಬರ್ತದ” ಎಂದರು.

ನಮ್ಮಲ್ಲಿ ಅದು ಹೊಸದೇನಲ್ಲ. ಮದುವೆಯ ಕರೆಯೋಲೆಗೆ ಹಚ್ಚುತ್ತೇವೆ, ಕೆಲಸದ ಅರ್ಜಿಗೆ ಹಚ್ಚುತ್ತೇವೆ. ನನ್ನ ಪಾಸ್‌ಪೋರ್ಟಿನ ಅರ್ಜಿಗೂ ಅಮ್ಮ ಹಚ್ಚಿದ್ದಳು. ನಾನೂ ಯೋಚಿಸದೆ ಬಟ್ಟಲಿನ ಅರಿಶಿನಕ್ಕೆ ಎರಡು ಹನಿ ನೀರು ಹಾಕಿ, ಉಂಗುರದ ಬೆರಳಿನಿಂದ ಕಾಗದಗಳ ಮೂಲೆಗೆ ಮುಟ್ಟಿಸುತ್ತಾ ಹೋದೆ. ಫಾರಮ್ಮಿನ ದಪ್ಪ ಕಾಗದದಲ್ಲಿ ಅದು ಸಾಸಿವೆಯಷ್ಟೇ ನಿಂತಿತು. ಆ ತೆಳು ಕಾಗದಕ್ಕೆ ಮುಟ್ಟಿಸಿದ್ದೇ ತಡ, ಬಣ್ಣ ಹರಡಿ ಮುದ್ರೆಯ ಒಳಗೆ ಹೋಯಿತು.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಗಾಬರಿಯಲ್ಲಿ ಹತ್ತಿಗೆ ಪಾತ್ರೆ ತೊಳೆಯುವ ಸೋಪು ಹಚ್ಚಿಕೊಂಡು ಒರೆಸಿದೆ. ಅರಿಶಿನಕ್ಕೆ ಸೋಪು ತಾಗಿದರೆ ಏನಾಗುತ್ತದೆಂದು ನನಗೆ ಗೊತ್ತಿರಲಿಲ್ಲವೇ? ಅರಿಶಿನಕ್ಕೆ ಸುಣ್ಣ ಬೆರೆಸಿ ಎಷ್ಟು ಆರತಿಗೆ ಓಕುಳಿ ಮಾಡಿದ್ದೇನೆ! ಹಳದಿ ಇದ್ದದ್ದು ಕಣ್ಣೆದುರೇ ಕೆಂಪಾಯಿತು. ಇನ್ನಷ್ಟು ಒರೆಸಿದೆ. ಮುದ್ರೆಯ ಅರ್ಧ ನೂಲುನೂಲಾಗಿ ಹತ್ತಿಯ ಜೊತೆ ಎದ್ದು ಬಂತು.

ಎರಡು ಕೈಯಲ್ಲಿ ಹಿಡಿದುಕೊಂಡು ಕೆಳಗೆ ಹೋದೆ. ಅವಳು ಕನ್ನಡಕ ಹಾಕಿಕೊಂಡು ನೋಡಿದಳು.

“ಯಾರನ್ನಾದ್ರೂ ಕೊಂದ್ಯಾ?”

ನಾನು ಅತ್ತುಬಿಟ್ಟೆ. ಅವಳು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದಳು. “ನನ್ನ ಹೆಸರು ಓದಕ್ಕಾಗುತ್ತೆ. ಅಮ್ಮನ ಹೆಸರೂ ಓದಕ್ಕಾಗುತ್ತೆ. ಸುಮ್ನಿರು, ಕಳಿಸೋಣ.”

ಜನವರಿಯಲ್ಲಿ ಅದು ವಾಪಸು ಬಂತು. ಮುದ್ರೆ ಗುರುತಿಸಲಾಗುತ್ತಿಲ್ಲ, ಹೊಸದಾಗಿ ಕೊಟ್ಟ ಪ್ರತಿ ಕಳಿಸಿ ಎಂದು ಮರ್ಯಾದೆಯಾಗಿಯೇ ಬರೆದಿದ್ದರು.

ಹೊಸ ಪ್ರತಿ ಕೊಡುವವರು ಯಾರು? ಅವಳು ಹುಟ್ಟಿದ ಊರಿಗೆ ಪತ್ರ ಬರೆದಳು. ಆರು ವಾರದ ಮೇಲೆ ಉತ್ತರ ಬಂತು. ಜನ ಊರು ಬಿಟ್ಟು ಓಡುವಾಗ ಕಚೇರಿಯವರು ಜನನ ಮರಣದ ಪುಸ್ತಕಗಳನ್ನೂ ಹೊತ್ತುಕೊಂಡು ಹೋಗಿದ್ದಾರೆ, ನಮ್ಮ ಬೀರುವಿನಲ್ಲಿ ಇಲ್ಲ ಎಂದು. ಹುಡುಕಿ ನೋಡಿದರೆ ಆ ಪುಸ್ತಕಗಳು ಇದ್ದದ್ದು ಸರ್ಬಿಯಾದಲ್ಲಿ, ಅವಳ ಅಮ್ಮ ಇದ್ದ ಊರಿನಿಂದ ಒಂದೇ ಬಸ್ಸಿನ ದಾರಿ. ಅಮ್ಮ ಹೋಗಿ ಕೇಳಿದರು. ಅಲ್ಲಿಯ ಗುಮಾಸ್ತ, “ಪುಸ್ತಕ ಇದೆ. ಆದರೆ ಇದು ಬೇರೆ ದೇಶದ ಊರಿನ ಪುಸ್ತಕ. ಆ ದೇಶಕ್ಕೂ ನಮಗೂ ಸಂಬಂಧವೇ ಇಲ್ಲ. ಯಾವ ಹೆಸರಿನಲ್ಲಿ ಮುದ್ರೆ ಒತ್ತಲಿ?” ಎಂದು ಕೇಳಿದನಂತೆ. ಊರು ಒಂದು ದೇಶದಲ್ಲಿ, ಪುಸ್ತಕ ಇನ್ನೊಂದು ದೇಶದಲ್ಲಿ. ಎರಡೂ ದೇಶ ಒಂದನ್ನೊಂದು ದೇಶವೆಂದೇ ಒಪ್ಪುತ್ತಿರಲಿಲ್ಲ. ಅವೆರಡರ ನಡುವೆ ಬೆಂಚಿನ ಮೇಲೆ ಮಲಗಿದ ಮುದುಕಿ.

ಇವಳು ನನ್ನನ್ನು ಒಂದು ದಿನವೂ ದೂರಲಿಲ್ಲ. ನನ್ನ ಸೀರೆಗಳಿಗೆ ಫಾಲ್ಸ್ ಹಚ್ಚಿಕೊಟ್ಟಳು, ಮಗಳ ಹುಟ್ಟುಹಬ್ಬಕ್ಕೆ ಫ್ರಾಕು ಹೊಲಿದಳು. ಅಮ್ಮನ ವಿಷಯ ಮಾತ್ರ ನನ್ನೆದುರು ಎತ್ತುವುದನ್ನು ಬಿಟ್ಟಳು. ಅದು ನನಗೆ ನೋಯದಿರಲಿ ಎಂದೇ, ಗೊತ್ತು. ಆದರೂ ಬಯ್ದಿದ್ದರೆ ಚೆನ್ನಾಗಿತ್ತು. ರಿಯಾಯಿತಿ ಕೂಪನ್ನು ಕತ್ತರಿಸಲಷ್ಟೇ ಪೇಪರ್ ತೆರೆಯುತ್ತಿದ್ದ ನಾನು ವಿದೇಶದ ಪುಟ ಓದತೊಡಗಿದೆ. ಬಾಲ್ಕನ್ ದೇಶಗಳ ನಕ್ಷೆಯೊಂದನ್ನು ಕತ್ತರಿಸಿ, ಫ್ರಿಜ್ಜಿನ ಮೇಲೆ ಮಗಳು ಬರೆದ ಆನೆಯ ಪಕ್ಕ ಅಂಟಿಸಿದೆ. “ನೀನು ವಿಶ್ವಸಂಸ್ಥೆಗೇ ಅಪ್ಲೈ ಮಾಡು ಮಾರಾಯ್ತಿ” ಎಂದರು ಇವರು.

ಹೀಗಿದ್ದಾಗ ಆ ಬೆಳಗಿನ ಬಡಿತ. ಒಲೆ ಆರಿಸಿ, ಸೌಟು ಕೈಯಲ್ಲಿದ್ದಂತೆಯೇ ಮೆಟ್ಟಿಲಿಳಿದೆ. ಬಾಗಿಲು ತೆರೆದೇ ಇತ್ತು. ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಅವಳು ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ತಲೆ ಬಾಚಿರಲಿಲ್ಲ.

“ಮುಗೀತು ಕಣೇ” ಎಂದಳು.

ನಾನು ಸೌಟನ್ನು ಅಲ್ಲೇ ಇಟ್ಟೆ. “ಅಮ್ಮ...?”

“ಅಯ್ಯೋ, ಅಮ್ಮ ಅಲ್ಲ! ಜಗಳ. ಇವತ್ತು ಬೆಲ್‌ಗ್ರೇಡಿನಲ್ಲಿ ಎರಡೂ ಕಡೆ ಮಂತ್ರಿಗಳು ಕೂತು ಸಹಿ ಹಾಕಿದ್ರಂತೆ. ನೀವೊಂದು ದೇಶ, ನಾವೊಂದು ದೇಶ, ಒಪ್ಕೊಂಡ್ವಿ ಅಂತ. ಎಂಬೆಸಿ ತೆಗೀತಾರಂತೆ, ರಸ್ತೆ, ರೈಲು, ಎಲ್ಲಾ. ಮಾವನ ಮಗ ಈಗ ಫೋನ್ ಮಾಡಿದ್ದ.” ಫೋನನ್ನು ಮಡಿಲಿಂದ ಕೆಳಗಿಟ್ಟು ಹೇಳಿದಳು, “ಒಂದು ಮೇಜು, ಎರಡು ಪೆನ್ನು. ಇಷ್ಟಕ್ಕೆ ಐದು ವರ್ಷ ಬೇಕಾಯ್ತು ನೋಡು.”

“ಹಾಗಾದ್ರೆ ಕಾಗದ?”

“ಅದೇ. ಅಮ್ಮ ರೇಡಿಯೋದಲ್ಲಿ ಕೇಳಿದ್ದೇ, ಊಟ ಅರ್ಧಕ್ಕೆ ಬಿಟ್ಟು ಚೀಲ ತಗೊಂಡು ಬಸ್ಸು ಹತ್ತಿದ್ದಾಳಂತೆ. ಅಲ್ಲೀಗ ನಾಲ್ಕು ಗಂಟೆ ಹತ್ತಿರ. ಆಫೀಸು ಮೂರಕ್ಕೇ ಮುಚ್ಚುತ್ತೆ. ಇನ್ನೂ ಮನೆಗೆ ಬಂದಿಲ್ಲ.”

ಮೇಲೆ ಓಡಿ ಹೋಗಿ, ಮಗಳನ್ನು ನೀವೇ ಬಿಡಿ ಎಂದು ಯಜಮಾನರಿಗೆ ಹೇಳಿ ಬಂದೆ. ಮಗಳು ಮೆಟ್ಟಿಲಲ್ಲಿ ನಿಂತು “ಈಸ್ ಹರ್ ಮಾಮ್ ಕಮಿಂಗ್ ಟುಡೇ?” ಎಂದಳು. “ಇವತ್ತಲ್ಲ ಪುಟ್ಟಾ, ಶೂ ಹಾಕ್ಕೋ” ಎಂದೆ.

ಆ ಹೊತ್ತು ನಾವಿಬ್ಬರೂ ಏನು ಮಾಡಿದೆವೆಂದರೆ ಪ್ಲಮ್ ಹಣ್ಣು ಬಿಡಿಸಿದೆವು. ಅಲ್ಲಿ ಮೊದಲು ಪ್ಲಮ್ ತೋಟವಿತ್ತಂತೆ. ಪಾರ್ಕಿಂಗ್ ಲಾಟಿನ ಮೂಲೆಯಲ್ಲಿ ಒಂದೇ ಒಂದು ಮರ ಉಳಿದುಕೊಂಡಿತ್ತು. ಅದರ ಹಣ್ಣನ್ನು ಅವಳು ಬಿಟ್ಟರೆ ಯಾರೂ ಕೀಳುತ್ತಿರಲಿಲ್ಲ. ಬಕೆಟ್ಟಿನ ತುಂಬ ಇತ್ತು. ಹಣ್ಣು ಸೀಳಿ, ಬೀಜ ತೆಗೆದು, ಪಾತ್ರೆಗೆ ಹಾಕುವುದು. ಎಂಟು ಗಂಟೆಯಾಯಿತು. ಒಂಬತ್ತೂ ಆಯಿತು. ಅವಳ ಅಮ್ಮನಿಗೆ ಮಂಡಿನೋವು. ದಾರಿಯಲ್ಲಿ ಬಿದ್ದರೇ? ಬಸ್ಸು ತಪ್ಪಿತೇ? ಇಬ್ಬರೂ ಅದನ್ನೇ ಯೋಚಿಸುತ್ತಾ ಬಾಯಲ್ಲಿ ಬೇರೆ ಏನೋ ಆಡುತ್ತಿದ್ದೆವು. ಹತ್ತು ಗಂಟೆಗೆ ಅವಳೇ ಫೋನ್ ಮಾಡಿದಳು. ಇನ್ನೂ ಬಂದಿಲ್ಲ, ಮಾವನ ಮಗ ಹುಡುಕಲು ಹೊರಟಿದ್ದಾನೆ ಎಂದರು. ಫೋನಿಟ್ಟು ಬಂದು, ಆಗಲೇ ಬೀಜ ತೆಗೆದಿದ್ದ ಹಣ್ಣನ್ನೇ ಮತ್ತೆ ಸೀಳತೊಡಗಿದಳು. ನಾನು ಸುಮ್ಮನೆ ಅವಳ ಕೈಯಿಂದ ಚಾಕು ತೆಗೆದುಕೊಂಡೆ. ಒಂದು ಕಾಗದಕ್ಕೆ ಅರಿಶಿನ ಹಚ್ಚಿ, ಈ ಭೂಮಿಯ ಇನ್ನೊಂದು ತುದಿಯಲ್ಲಿ ಒಬ್ಬ ಮುದುಕಿಯನ್ನು ನಾನೇ ಬೀದಿಗೆ ಅಟ್ಟಿದೆನಲ್ಲಾ ಎನಿಸಿತು.

ಹತ್ತೂಮುಕ್ಕಾಲಿಗೆ ಫೋನು ಬಂತು.

ಅವಳು ತನ್ನ ಭಾಷೆಯಲ್ಲಿ ಮಾತಾಡಿದಳು. ಮೊದಲು ಗದರಿದಳು. ಆಮೇಲೆ ಸುಮ್ಮನಾಗಿ ಕೇಳಿದಳು. ಆಮೇಲೆ ಏಪ್ರನ್ನಿನ ತುದಿಯಿಂದ ಮೂಗು ಒರೆಸಿಕೊಂಡಳು. ನಡುವೆ ಒಮ್ಮೆ ನನ್ನ ಕಡೆ ತಿರುಗಿ ತಲೆಯಾಡಿಸಿದಳು. ಅಷ್ಟರಲ್ಲೇ ನನಗೆ ಕೂರಬೇಕೆನಿಸಿತು, ಬಕೆಟ್ಟಿನ ಪಕ್ಕ ನೆಲದ ಮೇಲೇ ಕೂತೆ.

ಆದದ್ದು ಇಷ್ಟು. ಅಮ್ಮ ಹೋದಾಗ ಗುಮಾಸ್ತ, “ರೇಡಿಯೋ ನಾನೂ ಕೇಳಿದೆ ಅಜ್ಜಿ. ನಮಗಿನ್ನೂ ಆರ್ಡರ್ ಬಂದಿಲ್ಲ, ಮುಂದಿನ ತಿಂಗಳು ಬಾ” ಎಂದನಂತೆ. ಅಮ್ಮ ಬೆಂಚಿನ ಮೇಲೆ ಕೂತರಂತೆ. ಮೂರಕ್ಕೆ ಅವನು ಕಿಟಕಿ ಮುಚ್ಚಿ ಬೀಗ ಹಾಕಿ ಬಸ್ ಸ್ಟಾಪಿಗೆ ಹೋದ. ಇವರೂ ಹೋಗಿ ಅವನ ಪಕ್ಕ ಕೂತರು. ಬಸ್ಸು ಬಂತು. ಇವರು ಹತ್ತಲಿಲ್ಲ, ಅದ್ಯಾಕೋ ಅವನೂ ಹತ್ತಲಿಲ್ಲ. ಮುಂದಿನ ಬಸ್ಸು ಬರುವವರೆಗೂ ಇಬ್ಬರೂ ರಸ್ತೆ ನೋಡುತ್ತಾ ಕೂತಿದ್ದರಂತೆ. ಅದೂ ಹೋದ ಮೇಲೆ ಅವನು ಎದ್ದು, “ಬಾ ಅಜ್ಜಿ, ನಿನ್ನಿಂದ ನನ್ನ ಶುಕ್ರವಾರ ಹಾಳಾಯ್ತು” ಎಂದು ವಾಪಸು ಕರೆದುಕೊಂಡು ಹೋಗಿ, ಬೀಗ ತೆಗೆದು, ಅರ್ಜಿ ತೆಗೆದುಕೊಂಡ. ನಂಬರ್ ಬರೆದು, ಮುದ್ರೆ ಒತ್ತಿ ಚೀಟಿ ಕೊಟ್ಟ. “ಇಷ್ಟು ದಿನ ಇದನ್ನ ಯಾರಿಗೆ ಕಳಿಸಬೇಕು ಅಂತಲೇ ನಂಗೆ ಗೊತ್ತಿರಲಿಲ್ಲ. ಇನ್ನು ಎಂಬೆಸಿ ಅಂತ ಒಂದು ವಿಳಾಸ ಇರುತ್ತೆ” ಎಂದನಂತೆ. ಆಮೇಲೆ ಕಬ್ಬಿಣದ ಬೀರು ತೆಗೆದು, ಪುಸ್ತಕ ಇಳಿಸಿ, ಆ ಪುಟವನ್ನು ಅವರಿಗೆ ತೋರಿಸಿದನಂತೆ.

“ಅಮ್ಮ ಓದಿದಳಂತೆ” ಎಂದಳು ನನ್ನ ಗೆಳತಿ. “ನನ್ನ ಹೆಸರು, ಅವಳ ಹೆಸರು, ಅಪ್ಪನ ಹೆಸರು. ಎಲ್ಲಾ ಸರಿಯಾಗಿದೆ, ಹುಟ್ಟಿದ ಗಂಟೆ ಮಾತ್ರ ತಪ್ಪು ಬರೆದಿದ್ದಾರೆ, ಆಗ ಇನ್ನೂ ಕೋಳಿ ಕೂಗಿರಲಿಲ್ಲ ಅಂತ ಜಗಳ ಆಡಿ ಬಂದಿದ್ದಾಳೆ. ಅದಕ್ಕೇ ಕೊನೇ ಬಸ್ಸು ಆಗಿದ್ದು.”

ಇಬ್ಬರಿಗೂ ನಗು ಬಂತು. ನಿಲ್ಲಿಸಲಾಗದಂಥ ನಗು. ನನಗೆ ಅದರಲ್ಲಿ ಅಳುವೂ ಸೇರಿಕೊಂಡಿತು. ಅವಳು ಪ್ಲಮ್ಮಿನ ರಸ ಅಂಟಿದ ಕೈಯಿಂದಲೇ ನನ್ನ ತಲೆ ಸವರಿದಳು. ಹಿಂದಿನ ದಿನವಷ್ಟೇ ಎಣ್ಣೆ ಹಚ್ಚಿ ತೊಳೆದ ತಲೆ. ಬೇಡ ಎನ್ನಲಿಲ್ಲ.

ಪ್ರಮಾಣಪತ್ರ ಕೈಗೆ ಬರಲು ಆಮೇಲೂ ತಿಂಗಳುಗಟ್ಟಲೆ ಹಿಡಿಯಿತು. ಆದರೆ ಆ ತಿಂಗಳುಗಳಲ್ಲಿ ನಾನು ನಿದ್ದೆ ಕೆಡಲಿಲ್ಲ. ಅಂದು ಮಧ್ಯಾಹ್ನವೇ, ಎಷ್ಟೋ ಕಾಲದ ಮೇಲೆ, ಸೋಫಾದ ಮೇಲೆ ಒಂದು ಗಂಟೆ ಮೈಮರೆತು ಮಲಗಿದೆ. ಎದ್ದಾಗ ಕೆಳಗಿನಿಂದ ಜಾಮ್ ಕುದಿಯುವ ವಾಸನೆ ಬರುತ್ತಿತ್ತು, ಹೊಲಿಗೆ ಯಂತ್ರ ಓಡುತ್ತಿತ್ತು. ಅಷ್ಟು ಜೋರಾಗಿ ಅದು ಓಡಿ ಬಹಳ ದಿನವಾಗಿತ್ತು.

ಸಂಜೆ ಅವಳು ಒಂದು ಲಕೋಟೆ ಹಿಡಿದು ಮೇಲೆ ಬಂದಳು. ಒಳಗೆ ಅದೇ ಫಾರಮ್ಮಿನ ಹೊಸ ಪ್ರತಿ. “ಕಾಗದ ಬರೋ ಹೊತ್ತಿಗೆ ಇದು ರೆಡಿ ಇರ್ಲಿ. ಬರಿ” ಎಂದು ಊಟದ ಮೇಜಿನ ಮೇಲಿಟ್ಟಳು. ಬೇರೆ ಯಾರ ಕೈಲಾದರೂ ಬರೆಸಬಹುದಿತ್ತು. ನಾನು ಎದ್ದು ಮೊಣಕೈವರೆಗೂ ಕೈ ತೊಳೆದೆ, ಒರೆಸಿದೆ, ಮತ್ತೆ ತೊಳೆದೆ.

“ಆಪರೇಷನ್ ಮಾಡ್ತಿದ್ದಾಳೆ ನೋಡಿ” ಎಂದರು ಇವರು ಅವಳಿಗೆ. ಅವಳು “ಉಗುರು ತೋರಿಸೇ” ಎಂದಳು. ನಾನು ನಿಜವಾಗಿಯೂ ಚಾಚಿದೆ.

ಅಷ್ಟರಲ್ಲಿ ಧಾರವಾಡದಿಂದ ಅತ್ತೆಯ ಫೋನು ಬಂತು. ಅಲ್ಲಿ ಶನಿವಾರದ ಬೆಳಗು. ಇವರು ಎಲ್ಲವನ್ನೂ ಹೇಳಿ ರಿಸೀವರನ್ನು ನನಗೆ ಕೊಟ್ಟರು. “ನೋಡವಾ, ನಾ ಏನು ಹೇಳಿದ್ದೆ?” ಎಂದರು ಅತ್ತೆ. “ಅರಿಶಿಣ ಹಚ್ಚಿದ್ದಕ್ಕ ಎರಡು ದೇಶಾನ ರಾಜಿ ಆದುವು. ನೀ ಸುಮ್ಮನ ಅಳಕೋತ ಕೂತಿದ್ದಿ.” ಅದನ್ನು ಗೆಳತಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಗಂಭೀರವಾಗಿ, “ಮಂತ್ರಿಗಳಿಗೆ ಒಂದು ಡಬ್ಬಿ ಕಳಿಸೋಕೆ ಹೇಳು. ಬಾಸ್ನಿಯಾ ಜೊತೆ ರಾಜಿ ಇನ್ನೂ ಬಾಕಿ ಇದೆ” ಎಂದಳು.

ಅರ್ಧ ಗಂಟೆಯಲ್ಲಿ ಬರೆದು ಮುಗಿಸಿದೆ. ತಾಯಿಯ ಹೆಸರು ಬರೆಯುವ ಜಾಗದಲ್ಲಿ ಪೆನ್ನು ಒಂದು ಕ್ಷಣ ನಿಧಾನವಾಯಿತು, ಅಷ್ಟೇ. ಅವಳು ಶಾಯಿ ಒಣಗುವವರೆಗೂ ಕಾದು, ಮಡಚಿ, ಲಕೋಟೆಗೆ ಹಾಕಿಕೊಂಡಳು. ಅವಳು ತಂದಿದ್ದ ಬಿಸಿ ಜಾಮನ್ನು ಮಗಳು ಬೆರಳಲ್ಲಿ ನೆಕ್ಕುತ್ತಿದ್ದಳು. ಹೊರಗೆ ಇನ್ನೂ ಬೆಳಕಿತ್ತು. ನಾನು ಬಾಗಿಲವರೆಗೆ ಹೋದೆ. ಅವಳು ಕಂಬಿ ಹಿಡಿದು ನಾಲ್ಕು ಮೆಟ್ಟಿಲಿಳಿದವಳು ಏನೋ ಜ್ಞಾಪಕ ಬಂದಂತೆ ನಿಂತು, ಮೇಲೆ ನೋಡಿದಳು.

“ಒಂದು ಮಾತು, ಈಗಲೇ ಹೇಳಿಬಿಡ್ತೀನಿ. ಅಮ್ಮ ಗೊರಕೆ ಹೊಡೀತಾಳೆ. ನಿಮಗೆ ಮೇಲಕ್ಕೂ ಕೇಳಿಸುತ್ತೆ.”